ಇಸ್ಮಿದ್, ಸುರುಮ ಮತ್ತು ರೆಪ್ಪೆಗೂದಲಿನ ಔಷಧ

ಕಳೆದ ಮದುವೆ ಹಂಗಾಮಿನಲ್ಲಿ ನಮಗೆ ಪರಿಚಯವಿರುವ ಒಂದು ಮನೆಗೆ ಹೋಗಿದ್ದೆವು. ಮದುಮಗಳ ಕೋಣೆಯ ಕನ್ನಡಿಯ ಮುಂದೆ ಎರಡು ವಸ್ತುಗಳು ಅಕ್ಕಪಕ್ಕ ಇದ್ದವು. ಒಂದು, ಅವಳ ನಾನಿ ಹಜ್ಜ್ ಮುಗಿಸಿ ಬರುವಾಗ ಮದೀನಾದಿಂದ ತಂದ ಹಿತ್ತಾಳೆಯ ಸುರುಮದಾನಿ. ಇನ್ನೊಂದು, ಹುಡುಗಿ ಫೋನಿನಲ್ಲಿ ತರಿಸಿಕೊಂಡ ಬೆರಳುದ್ದದ ಸೀರಮ್ ಬಾಟಲಿ. ಹಚ್ಚಿದರೆ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ ಬೆಳೆಯುತ್ತದೆ ಎಂದು ಎರಡರ ಬಗ್ಗೆಯೂ ಆ ಮನೆಯಲ್ಲಿ ನಂಬಿಕೆಯಿತ್ತು. ನಾನಿ ಹದೀಸ್ ನೆನಪಿಸಿದರು. ಮೊಮ್ಮಗಳು ಬಾಟಲಿಯ ಮೇಲೆ ಅಚ್ಚಾಗಿದ್ದ ‘ವೈದ್ಯಕೀಯವಾಗಿ ಸಾಬೀತಾದದ್ದು’ ಎಂಬ ಮಾತನ್ನು ತೋರಿಸಿದಳು. ಇಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ಸತ್ಯವಿತ್ತು. ಆದರೆ ನಮ್ಮ ಕಣ್ಣು ಹೋದದ್ದು ಮಂಚದ ಮೇಲೆ ಮಲಗಿದ್ದ ಆರು ತಿಂಗಳ ಕೂಸಿನ ಕಡೆಗೆ. ದೃಷ್ಟಿ ತಾಗದಿರಲಿ, ಕಣ್ಣು ಅಗಲವಾಗಲಿ ಎಂದು ಅದರ ಎರಡೂ ಕಣ್ಣಿಗೆ ಅದೇ ಸುರುಮದಾನಿಯ ಕಪ್ಪನ್ನು ದಪ್ಪಗೆ ಎಳೆದಿದ್ದರು.

ಮದುವೆ ಮನೆಯಲ್ಲಿ ಅಂಥ ಮಾತು ಎತ್ತುವುದು ಹೇಗೆ? ಸುಮ್ಮನೆ ಊಟ ಮಾಡಿ ಬಂದೆವು. ಆದರೆ ವಿಷಯ ಮನಸ್ಸು ಬಿಡಲಿಲ್ಲ. ರೆಪ್ಪೆಗೂದಲು ಬೆಳೆಸುವ ಔಷಧ ಎಂಬುದು ಹೊಸ ಹುಚ್ಚು ಎಂದುಕೊಂಡಿದ್ದವರು ನಾವು. ಹುಡುಕುತ್ತ ಹೋದಾಗ ಅದಕ್ಕೆ ನಾಲ್ಕು ಸಾವಿರ ವರ್ಷಗಳ ಚರಿತ್ರೆ ಇರುವುದು, ಆ ಚರಿತ್ರೆಯ ಒಂದು ದೊಡ್ಡ ಪಾಲು ನಮ್ಮದೇ ಹಿರಿಯರ ಕೈಯಿಂದ ಬರೆದದ್ದು ಎಂಬುದು ತಿಳಿಯಿತು.

ಮೊದಲು ನಾನಿ ಹೇಳಿದ ಹದೀಸ್ ನೋಡೋಣ. ಇಬ್ನು ಅಬ್ಬಾಸ್(ರ) ಅವರಿಂದ ಬಂದ ವರದಿ ಅಬೂದಾವೂದ್, ತಿರ್ಮಿಝಿ ಸಂಗ್ರಹಗಳಲ್ಲಿದೆ. ಕಣ್ಣಿಗೆ ಹಚ್ಚುವವುಗಳಲ್ಲಿ ಇಸ್ಮಿದ್ ಉತ್ತಮವೆಂದೂ ಅದು ದೃಷ್ಟಿಯನ್ನು ಶುಭ್ರಗೊಳಿಸುತ್ತದೆ, ಕೂದಲನ್ನು ಬೆಳೆಸುತ್ತದೆ ಎಂದೂ ಪ್ರವಾದಿ(ಸ) ಹೇಳಿದ್ದಾಗಿ ಅದರ ಸಾರ. ಇಲ್ಲಿ ಕೂದಲು ಎಂದರೆ ರೆಪ್ಪೆಯ ಕೂದಲು ಎಂದೇ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ತಿರ್ಮಿಝಿಯವರ ಶಮಾಇಲ್ ಗ್ರಂಥದಲ್ಲಿ ಪ್ರವಾದಿಯವರ(ಸ) ಸುರುಮದ ಬಗ್ಗೆಯೇ ಒಂದು ಅಧ್ಯಾಯವಿದೆ. ರಾತ್ರಿ ಮಲಗುವ ಮುನ್ನ ಹಚ್ಚುತ್ತಿದ್ದುದು, ಕಡ್ಡಿಯನ್ನು ಬೆಸ ಸಂಖ್ಯೆಯಲ್ಲಿ ಎಳೆಯುತ್ತಿದ್ದುದು ಎಲ್ಲವೂ ಅಲ್ಲಿ ಬರುತ್ತದೆ. ಇದೇ ಸುರುಮ ಅಂದಿನ ಅರಬರಿಗೆ ಅಲಂಕಾರವೂ ಆಗಿತ್ತು. ಗಂಡನನ್ನು ಕಳೆದುಕೊಂಡು ಇದ್ದತ್‌ನಲ್ಲಿದ್ದ ಒಬ್ಬ ಹೆಣ್ಣುಮಗಳ ಕಣ್ಣು ನೋಯುತ್ತಿದ್ದಾಗ ಸುರುಮ ಹಚ್ಚಬಹುದೇ ಎಂದು ಕೇಳಿದ್ದಕ್ಕೆ ಅನುಮತಿ ಸಿಗಲಿಲ್ಲ ಎಂಬ ಉಮ್ಮುಸಲಮಾ(ರ) ಅವರ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಒಂದೇ ಪುಡಿ ಔಷಧವೂ ಹೌದು, ಸಿಂಗಾರವೂ ಹೌದು. ಈ ಇಬ್ಬಗೆ ಇಂದಿನ ಸೀರಮ್ ಬಾಟಲಿಯವರೆಗೂ ನಡೆದುಬಂದಿದೆ.

ಅರಬರಿಗಿಂತ ಬಹಳ ಮೊದಲೇ ಈಜಿಪ್ಟಿನವರು ಕಣ್ಣಿಗೆ ಕಪ್ಪು ಹಚ್ಚುತ್ತಿದ್ದರು. ಅವರ ಗೋರಿಗಳಲ್ಲಿ ಸಿಕ್ಕ ಸುರುಮದ ಡಬ್ಬಿಗಳು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ, ಕೆಲವುಗಳೊಳಗೆ ಪುಡಿ ಇನ್ನೂ ಹಾಗೆಯೇ ಇದೆ. ಫಿಲಿಪ್ ವಾಲ್ಟರ್ ಮತ್ತು ಸಂಗಡಿಗರು ಅಂಥ 49 ಮಾದರಿಗಳನ್ನು ಪರೀಕ್ಷಿಸಿ 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕಪ್ಪು ಬಣ್ಣ ಸೀಸದ ಅದಿರು ಗೆಲೀನಾದ್ದು. ಆಶ್ಚರ್ಯವೆಂದರೆ ಅದರ ಜೊತೆಗೆ ಪ್ರಕೃತಿಯಲ್ಲಿ ಅಷ್ಟು ಪ್ರಮಾಣದಲ್ಲಿ ಸಿಗದ ಎರಡು ಬಿಳಿ ಸೀಸದ ಲವಣಗಳೂ ಇದ್ದವು. ಅಂದರೆ ಆ ಜನ ಅವನ್ನು ನೀರು, ಉಪ್ಪು ಹಾಕಿ ವಾರಗಟ್ಟಲೆ ಕೂತು ತಯಾರಿಸುತ್ತಿದ್ದರು. ಬರೀ ಕಪ್ಪು ಬೇಕಿದ್ದರೆ ಅಷ್ಟು ಕಷ್ಟಪಡಬೇಕಿರಲಿಲ್ಲ. ಅದೇ ತಂಡದವರು 2010ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಆ ಲವಣದ ಅತಿ ಸಣ್ಣ ಪ್ರಮಾಣ ಚರ್ಮದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ, ಅದು ಸೋಂಕಿನ ವಿರುದ್ಧ ದೇಹವನ್ನು ಎಚ್ಚರಿಸುವ ಬಗೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಕಂಡ ಈ ಸಂಗತಿಯನ್ನು ಹಿಡಿದುಕೊಂಡು ‘ನೋಡಿ, ವಿಜ್ಞಾನವೇ ಸುರುಮ ಒಳ್ಳೆಯದೆಂದಿತು’ ಎಂದು ಹಂಚುವವರಿದ್ದಾರೆ. ತಟ್ಟೆಯ ಜೀವಕೋಶ ಬೇರೆ, ಆರು ತಿಂಗಳ ಕೂಸು ಬೇರೆ. ಅಲ್ಲಿಗೆ ಮುಂದೆ ಬರುತ್ತೇವೆ.

ಸುರುಮಕ್ಕೆ ಅರಬಿಯಲ್ಲಿ ಕುಹ್ಲ್ ಎನ್ನುತ್ತಾರೆ. ನುಣ್ಣಗೆ ಅರೆದ ಪುಡಿಗೆ ಇದ್ದ ಈ ‘ಅಲ್‌ಕುಹ್ಲ್’ ಎಂಬ ಹೆಸರೇ ಯುರೋಪಿಗೆ ಹೋಗಿ, ಅರ್ಥ ಸರಿಯುತ್ತ ಸರಿಯುತ್ತ ಕೊನೆಗೆ ‘ಆಲ್ಕೋಹಾಲ್’ ಆಯಿತು. ಯಾವ ಪದ ಯಾವ ಬಾಟಲಿ ಸೇರಿತು ನೋಡಿ! ಕುಹ್ಲ್ ಹಚ್ಚುವವನು ಕಹ್ಹಾಲ್. ಅಬ್ಬಾಸೀ ಕಾಲದ ಬಗ್ದಾದಿನಲ್ಲಿ ಕಣ್ಣಿನ ವೈದ್ಯನಿಗೆ ಅದೇ ಹೆಸರು. ಒಂಬತ್ತನೆಯ ಶತಮಾನದಲ್ಲಿ ಹುನೈನ್ ಇಬ್ನು ಇಸ್‌ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಕಣ್ಣಿನ ಕುರಿತು ಹತ್ತು ಪ್ರಬಂಧಗಳನ್ನು ಅರಬಿಯಲ್ಲಿ ಬರೆದರು. ಸುಮಾರು ಸಾವಿರ ವರ್ಷಗಳ ಹಿಂದೆ ಅದೇ ಬಗ್ದಾದಿನ ಅಲೀ ಇಬ್ನು ಈಸಾ ಅಲ್ ಕಹ್ಹಾಲ್ ಅವರು ಕಣ್ಣಿನ ವೈದ್ಯರಿಗಾಗಿಯೇ ತಝ್ಕಿರತುಲ್ ಕಹ್ಹಾಲೀನ್ ಎಂಬ ಕೈಪಿಡಿ ರಚಿಸಿದರು. ಮೂರು ಭಾಗ: ಮೊದಲನೆಯದು ಕಣ್ಣಿನ ರಚನೆ, ಎರಡನೆಯದು ಹೊರಗೆ ಕಾಣುವ ರೋಗಗಳು, ಮೂರನೆಯದು ಒಳಗೆ ಅಡಗಿರುವವು. ಯುರೋಪಿನ ವೈದ್ಯರು ಶತಮಾನಗಳ ಕಾಲ ಇದರ ಲ್ಯಾಟಿನ್ ಅನುವಾದ ಓದಿದರು.

ರೆಪ್ಪೆಗೂದಲಿನ ಮಾತು ಆ ಎರಡನೆಯ ಭಾಗಕ್ಕೆ ಸೇರಿದ್ದು. ಆದರೆ ಅಂದಿನ ಕಹ್ಹಾಲರಿಗೆ ತಲೆನೋವು ಕೊಟ್ಟದ್ದು ಕೂದಲು ಕಡಿಮೆಯಾದದ್ದಕ್ಕಿಂತ ಕೂದಲು ಒಳಕ್ಕೆ ತಿರುಗಿದ್ದು. ಟ್ರಕೋಮಾ ಎಂಬ ಸೋಂಕಿನಿಂದ ರೆಪ್ಪೆಯ ಒಳಭಾಗ ಗಾಯವಾಗಿ ಗಾಯವಾಗಿ ಮಡಚಿಕೊಳ್ಳುತ್ತದೆ. ಆಗ ಕೂದಲು ಪ್ರತಿ ಮಿಟುಕಿನಲ್ಲೂ ಕಣ್ಣಿನ ಕರಿಗುಡ್ಡೆಯನ್ನು ಉಜ್ಜಿ ಕೊನೆಗೆ ಕುರುಡು ಮಾಡುತ್ತದೆ. ಅದಕ್ಕೆ ಅವರು ಕೂದಲು ಕೀಳುತ್ತಿದ್ದರು, ಬೇರನ್ನು ಕಾಯಿಸಿದ ಸೂಜಿಯಿಂದ ಸುಡುತ್ತಿದ್ದರು, ರೆಪ್ಪೆಯನ್ನು ಕತ್ತರಿಸಿ ಹೊಲಿಯುತ್ತಿದ್ದರು. ಇದು ಹಳೆಯ ಕಾಲದ ಕತೆ ಎಂದುಕೊಳ್ಳಬೇಡಿ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾ ಭಾರತದಿಂದ ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2024ರ ಅಕ್ಟೋಬರಿನಲ್ಲಿ.

ಕೂದಲು ಉದುರುವುದನ್ನೂ ಹಿಂದಿನವರು ರೋಗವೆಂದೇ ಎಣಿಸಿದರು, ಬರೀ ಅಂದದ ಕೊರತೆ ಎಂದಲ್ಲ. ಇದು ಇಂದಿಗೂ ನೆನಪಿಡಬೇಕಾದ ಮಾತು. ರೆಪ್ಪೆಗೂದಲು, ಹುಬ್ಬು ತಾನಾಗಿ ಉದುರಲು ಶುರುವಾದರೆ ಅದರ ಹಿಂದೆ ಥೈರಾಯ್ಡ್ ಇರಬಹುದು, ರೆಪ್ಪೆಯಂಚಿನ ಉರಿಯೂತ ಇರಬಹುದು, ಕುಷ್ಠವೂ ಇರಬಹುದು. ಅಂಥವರು ಮೊದಲು ಹೋಗಬೇಕಾದದ್ದು ವೈದ್ಯರಲ್ಲಿಗೆ. ಸೀರಮ್ ಅಂಗಡಿಗೂ ಅಲ್ಲ, ಸುರುಮದ ಅಂಗಡಿಗೂ ಅಲ್ಲ.

ಈಗ ಮುಖ್ಯ ಪ್ರಶ್ನೆ. ಒಂದು ಔಷಧ ಕೆಲಸ ಮಾಡುತ್ತದೆ ಎಂದು ತಿಳಿಯುವುದು ಹೇಗೆ? ಹಚ್ಚಿದವರು ‘ನನಗೆ ಗುಣ ಕಂಡಿತು’ ಎಂದರೆ ಸಾಕೇ? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿದ್ದರು. 925ರ ಸುಮಾರಿಗೆ ತೀರಿಕೊಂಡ ಅಬೂಬಕ್ರ್ ಅಲ್ ರಾಝೀ ಅವರು ಮಿದುಳು ಜ್ವರದ ಲಕ್ಷಣ ಕಂಡ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆದು, ಇನ್ನೊಂದು ಗುಂಪನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಟ್ಟು ಎರಡನ್ನೂ ಹೋಲಿಸಿದ್ದಾಗಿ ದಾಖಲಿಸಿದ್ದಾರೆ. ರಕ್ತ ತೆಗೆಯುವುದು ಸರಿಯೋ ತಪ್ಪೋ, ಅದು ಬೇರೆ ಮಾತು. ಔಷಧ ಪಡೆಯದವರ ಪಕ್ಕದಲ್ಲಿ ನಿಲ್ಲಿಸದೆ ಔಷಧ ಪಡೆದವರ ಗುಣವನ್ನು ಅಳೆಯಲಾಗದು ಎಂಬುದನ್ನು ಅವರು ಕಂಡುಕೊಂಡಿದ್ದರು. ನೂರು ವರ್ಷದ ಬಳಿಕ ಇಬ್ನು ಸೀನಾ ತಮ್ಮ ಕಾನೂನ್ ಗ್ರಂಥದಲ್ಲಿ ಔಷಧ ಪರೀಕ್ಷೆಗೆ ನಿಯಮಗಳನ್ನೇ ಹಾಕಿದರು. ಔಷಧ ಕಲಬೆರಕೆ ಇಲ್ಲದ್ದಾಗಿರಬೇಕು, ಒಂದೇ ಕಾಯಿಲೆ ಇರುವವರ ಮೇಲೆ ನೋಡಬೇಕು, ಪರಿಣಾಮ ಎಂದೋ ಒಮ್ಮೆ ಅಲ್ಲ, ಪದೇ ಪದೇ ಕಾಣಬೇಕು, ಪ್ರಾಣಿಯ ಮೇಲಿನ ಪರೀಕ್ಷೆಯೊಂದೇ ಮನುಷ್ಯನಿಗೆ ಸಾಕ್ಷಿಯಾಗದು. ಈ ನಿಯಮಗಳನ್ನು ಇಟ್ಟುಕೊಂಡು ನಾನಿಯ ಸುರುಮದಾನಿ, ಮೊಮ್ಮಗಳ ಬಾಟಲಿ ಎರಡನ್ನೂ ನೋಡಬಹುದು.

ಮಧ್ಯೆ ಅಮೆರಿಕದ ಒಂದು ಘಟನೆ ಹೇಳಿಬಿಡುತ್ತೇವೆ. 1933ರ ಸುಮಾರಿಗೆ ಅಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಗೂದಲಿನ ಬಣ್ಣ ಮಾರಾಟಕ್ಕಿತ್ತು. ಪ್ಯಾರಾ ಫೆನಿಲೀನ್ ಡೈಅಮೀನ್ ಎಂಬ ರಾಸಾಯನಿಕ ಅದರಲ್ಲಿತ್ತು. ಹಚ್ಚಿಸಿಕೊಂಡ ಕೆಲವು ಹೆಂಗಸರ ಮುಖ ಊದಿ, ಕಣ್ಣು ಕೀವಾಗಿ ದೃಷ್ಟಿ ಹೋಯಿತು. ಒಬ್ಬಾಕೆ ಜೀವ ಕಳೆದುಕೊಂಡರು. ಅಂದಿನ ಕಾನೂನಿನಲ್ಲಿ ಸೌಂದರ್ಯ ಸಾಧನಗಳ ಮೇಲೆ ಸರ್ಕಾರಕ್ಕೆ ಅಧಿಕಾರವೇ ಇರಲಿಲ್ಲ. ಆ ಚಿತ್ರಗಳನ್ನು ಜನರ ಮುಂದೆ ಇಟ್ಟು ಅಧಿಕಾರಿಗಳು ಹೋರಾಡಿದ ಮೇಲೆ 1938ರಲ್ಲಿ ಹೊಸ ಕಾಯಿದೆ ಬಂತು. ಈ ರಾಸಾಯನಿಕದ ಹೆಸರು ನಮಗೇಕೆ? ಮದರಂಗಿ ಬೇಗ ಕಪ್ಪಾಗಲೆಂದು ಮಾರುವ ‘ಕಪ್ಪು ಮೆಹಂದಿ’ಯಲ್ಲಿ ಬೆರೆಸುವುದು ಇದನ್ನೇ. ಈದ್ ಹಿಂದಿನ ರಾತ್ರಿ ಮಕ್ಕಳ ಕೈಯಲ್ಲಿ ಗುಳ್ಳೆ ಏಳುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ರೆಪ್ಪೆಗೂದಲನ್ನು ನಿಜವಾಗಿ ಬೆಳೆಸುವ ಔಷಧ ಸಿಕ್ಕಿದ್ದು ಯಾರೂ ಹುಡುಕದ ಕಡೆ. ಗ್ಲಾಕೋಮಾ ಎಂಬ ಕಾಯಿಲೆಯಲ್ಲಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿನರ ಸಾಯುತ್ತದೆ. ಒತ್ತಡ ಇಳಿಸಲು ಪ್ರೊಸ್ಟಗ್ಲಾಂಡಿನ್ ಜಾತಿಯ ಹನಿಗಳು ಬಂದವು: ಅಮೆರಿಕದಲ್ಲಿ 1996ರಲ್ಲಿ ಲಟಾನೊಪ್ರೋಸ್ಟ್, 2001ರಲ್ಲಿ ಬಿಮಾಟೊಪ್ರೋಸ್ಟ್. ಒಂದೇ ಕಣ್ಣಿಗೆ ಲಟಾನೊಪ್ರೋಸ್ಟ್ ಹಾಕುತ್ತಿದ್ದ ರೋಗಿಗಳನ್ನು ನೋಡುತ್ತಿದ್ದ ಮರ್ರಿ ಜಾನ್‌ಸ್ಟನ್ ಎಂಬ ಕಣ್ಣಿನ ವೈದ್ಯರು 1997ರಲ್ಲಿ ಒಂದು ವಿಚಿತ್ರ ವರದಿ ಮಾಡಿದರು. ಹನಿ ಬೀಳುವ ಕಣ್ಣಿನ ರೆಪ್ಪೆಗೂದಲು ಉದ್ದವಾಗಿ, ದಪ್ಪವಾಗಿ, ಕಪ್ಪಾಗಿ ಬೆಳೆದಿತ್ತು. ಇನ್ನೊಂದು ಕಣ್ಣಿನದು ಹಾಗೆಯೇ ಇತ್ತು. ಅಲ್ ರಾಝೀ ಎರಡು ಗುಂಪು ಮಾಡಿ ನೋಡಿದ್ದನ್ನು ಇಲ್ಲಿ ಒಂದೇ ಮುಖದ ಎರಡು ಕಣ್ಣು ತೋರಿಸಿಕೊಟ್ಟವು.

ಕೂದಲಿಗೆ ಒಂದು ಆಯುಸ್ಸಿನ ಚಕ್ರವಿದೆ. ಬೆಳೆಯುವ ಕಾಲ, ನಿಲ್ಲುವ ಕಾಲ, ಉದುರುವ ಕಾಲ. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತದೆ. ರೆಪ್ಪೆಗೂದಲಿನ ಬೆಳೆಯುವ ಕಾಲ ಒಂದೆರಡು ತಿಂಗಳಷ್ಟೇ, ಅದಕ್ಕೇ ಅದು ಗಿಡ್ಡ. ಈ ಔಷಧ ಆ ಬೆಳೆಯುವ ಕಾಲವನ್ನು ಹಿಗ್ಗಿಸುತ್ತದೆ, ನಿದ್ದೆಯಲ್ಲಿರುವ ಬೇರುಗಳನ್ನು ಎಬ್ಬಿಸುತ್ತದೆ ಎಂದು ತಿಳಿಯಲಾಗಿದೆ.

ಅಡ್ಡಪರಿಣಾಮವನ್ನೇ ಔಷಧ ಮಾಡಲು ಹೊರಟ ಕಂಪನಿ ಒಂದು ಪ್ರಯೋಗ ನಡೆಸಿತು. 278 ವಯಸ್ಕರು. 137 ಮಂದಿಗೆ 0.03 ಶೇಕಡಾ ಬಿಮಾಟೊಪ್ರೋಸ್ಟ್ ದ್ರಾವಣ, 141 ಮಂದಿಗೆ ಔಷಧವಿಲ್ಲದ ಬರೀ ದ್ರಾವಣ. ಯಾರಿಗೆ ಯಾವುದು ಎಂದು ಹಚ್ಚುವವರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ದಿನಕ್ಕೊಮ್ಮೆ ರಾತ್ರಿ ಮೇಲ್ರೆಪ್ಪೆಯ ಅಂಚಿಗೆ, 16 ವಾರ. ಕೊನೆಯಲ್ಲಿ ಔಷಧದ ಗುಂಪಿನಲ್ಲಿ 78 ಶೇಕಡಾ ಜನರಿಗೆ ನಾಲ್ಕು ಮೆಟ್ಟಿಲಿನ ಅಳತೆಪಟ್ಟಿಯಲ್ಲಿ ಕನಿಷ್ಠ ಒಂದು ಮೆಟ್ಟಿಲು ಏರಿಕೆ ಕಂಡಿತು. ಉದ್ದ ಸರಾಸರಿ 1.4 ಮಿಲಿಮೀಟರ್ ಹೆಚ್ಚಿತು. ಇನ್ನೊಂದು ಗುಂಪಿನಲ್ಲಿ 0.1 ಮಿಲಿಮೀಟರ್. ಈ ಆಧಾರದ ಮೇಲೆ 2008ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು. ರೆಪ್ಪೆಗೂದಲಿಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಅದು.

ಓದುಗರೇ, ಈ ಲೆಕ್ಕದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು 78 ಅಲ್ಲ. ಬರೀ ದ್ರಾವಣ ಹಚ್ಚಿಕೊಂಡ 141 ಮಂದಿಯಲ್ಲಿ 26 ಮಂದಿಗೂ ಒಂದು ಮೆಟ್ಟಿಲು ಏರಿಕೆ ಕಂಡಿತ್ತು. ಅಂದರೆ ಐವರಲ್ಲಿ ಸುಮಾರು ಒಬ್ಬರಿಗೆ ಏನೂ ಇಲ್ಲದ್ದನ್ನು ಹಚ್ಚಿಯೂ ಗುಣ ಕಂಡಿತು! ಕೂದಲು ತಾನಾಗಿ ಉದುರಿ ತಾನಾಗಿ ಬೆಳೆಯುತ್ತಲೇ ಇರುತ್ತದೆ, ದಿನಾ ಕನ್ನಡಿ ನೋಡುವವರ ಕಣ್ಣಿಗೆ ಆಸೆಯೂ ಒಂದಿಷ್ಟು ಉದ್ದ ಸೇರಿಸುತ್ತದೆ. ಈ 26 ಮಂದಿ ನಮ್ಮ ಊರಿನವರಾಗಿದ್ದರೆ ಏನಾಗುತ್ತಿತ್ತು ಯೋಚಿಸಿ. ಪ್ರತಿಯೊಬ್ಬರೂ ಹತ್ತು ಮನೆಗೆ ಹೇಳುತ್ತಿದ್ದರು, ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಆದರೂ ಆ ನೀರಿನಲ್ಲಿ ಔಷಧವಿರಲಿಲ್ಲ. ಹರಳೆಣ್ಣೆ, ಬಾದಾಮಿ ಎಣ್ಣೆ, ತೆಂಗಿನೆಣ್ಣೆ ಹಚ್ಚಿ ರೆಪ್ಪೆ ದಟ್ಟವಾಯಿತೆಂಬ ಸಾಕ್ಷ್ಯಗಳೆಲ್ಲ ಈ ಬಗೆಯವು. ಎಣ್ಣೆ ಸವರಿದ ಕೂದಲು ಮಿನುಗುತ್ತದೆ, ದಪ್ಪ ಕಾಣುತ್ತದೆ. ಬೇರಿನಿಂದ ಉದ್ದ ಬೆಳೆಸುತ್ತದೆ ಎಂಬುದಕ್ಕೆ ಮೇಲೆ ಹೇಳಿದಂಥ ತೂಗಿ ಅಳೆದ ಪ್ರಯೋಗದ ಬೆಂಬಲ ಅವಕ್ಕಿಲ್ಲ. ಸುರುಮಕ್ಕೂ ಇಲ್ಲ.

ಹಾಗಾದರೆ ಮೊಮ್ಮಗಳು ಗೆದ್ದಳೇ? ಅಷ್ಟು ಸುಲಭವಲ್ಲ. ಬಿಮಾಟೊಪ್ರೋಸ್ಟ್ ನಿಲ್ಲಿಸಿದರೆ ಕೆಲವು ವಾರ, ತಿಂಗಳುಗಳಲ್ಲಿ ಕೂದಲು ಮೊದಲಿನಂತಾಗುತ್ತದೆ. ಕಣ್ಣು ಕೆಂಪಾಗುವುದು, ತುರಿಕೆ ಇದ್ದದ್ದೇ. ರೆಪ್ಪೆಯ ಚರ್ಮ ಕಪ್ಪಾಗಬಹುದು, ಅದು ಬಿಟ್ಟ ಮೇಲೆ ತಿಳಿಯಾಗುತ್ತದೆ. ಆದರೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ಗಾಢವಾದರೆ, ಅದು ಹನಿ ಹಾಕುವ ರೋಗಿಗಳಲ್ಲಿ ಕಂಡ ಪರಿಣಾಮ, ಮತ್ತೆ ಹಿಂದಿರುಗುವುದಿಲ್ಲ. ಕಣ್ಣಿನ ಸುತ್ತಲಿನ ಕೊಬ್ಬು ಕರಗಿ ಕಣ್ಣು ಗುಳಿ ಬಿದ್ದಂತೆ ಕಾಣುವುದೂ ಉಂಟು. ಎಲ್ಲ ಬಗೆಯ ಉದುರುವಿಕೆಗೂ ಇದು ಮದ್ದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬೇರಿನ ಮೇಲೆ ತಿರುಗಿಬೀಳುವ ಅಲೋಪೇಶಿಯಾ ಏರಿಯೇಟಾ ಇದ್ದ 11 ಮಂದಿಯ ಒಂದೊಂದು ಕಣ್ಣಿಗೆ ಈ ಜಾತಿಯ ಔಷಧ ಹಚ್ಚಿ ನೋಡಿದ ಪುಟ್ಟ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಹಚ್ಚಿದ ಕಣ್ಣಿಗೂ ಹಚ್ಚದ ಕಣ್ಣಿಗೂ ವ್ಯತ್ಯಾಸ ಕಾಣಲಿಲ್ಲ.

ಇನ್ನು ಆ ಬಾಟಲಿಯಲ್ಲಿ ಇದ್ದದ್ದು ಏನು ಎಂಬುದೇ ಬೇರೆ ಪ್ರಶ್ನೆ. ವೈದ್ಯರ ಚೀಟಿ ಬೇಕಾದ ಔಷಧವನ್ನು ಸೌಂದರ್ಯ ಸಾಧನವೆಂದು ಮಾರುವ ವ್ಯಾಪಾರ ಒಪ್ಪಿಗೆ ಸಿಗುವುದಕ್ಕೂ ಮೊದಲೇ ಶುರುವಾಗಿತ್ತು. 2007ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಹೊಸೆಯಲ್ಲಿ ಬಿಮಾಟೊಪ್ರೋಸ್ಟ್ ಬೆರೆಸಿದ ರೆಪ್ಪೆಯ ಸೀರಮ್‌ನ ಸಾವಿರಾರು ಟ್ಯೂಬುಗಳನ್ನು ಅಧಿಕಾರಿಗಳು ಜಪ್ತಿ ಮಾಡಿದರು. ಇಂದು ಮಾರಾಟವಾಗುವ ಎಷ್ಟೋ ಸೀರಮ್‌ಗಳಲ್ಲಿ ಅದೇ ಕುಲದ ಐಸೊಪ್ರೊಪೈಲ್ ಕ್ಲೋಪ್ರೊಸ್ಟೆನೇಟ್‌ನಂಥ ವಸ್ತುಗಳಿರುತ್ತವೆ, ಹೆಸರು ಸಣ್ಣಕ್ಷರದಲ್ಲಿ ಬಾಟಲಿಯ ಬೆನ್ನ ಮೇಲೆ. ಬಿಮಾಟೊಪ್ರೋಸ್ಟ್‌ನ ಪ್ರಯೋಗದಲ್ಲಿ ಕಂಡ ಫಲವನ್ನು ತೋರಿಸಿ ಬೇರೆ ವಸ್ತುವನ್ನು ಮಾರಿದರೆ ‘ವೈದ್ಯಕೀಯವಾಗಿ ಸಾಬೀತಾದದ್ದು’ ಎಂಬ ಮಾತಿಗೆ ಬೆಲೆಯೇನು? ಅಕ್ಕಿಯ ಮಾದರಿ ತೋರಿಸಿ ನುಚ್ಚು ಅಳೆದು ಕೊಡುವವನ ಬಗ್ಗೆ ಪ್ರವಾದಿ(ಸ) ಏನು ಹೇಳಿದರೆಂಬುದು ಜುಮಾ ಖುತ್ಬಾ ಕೇಳುವ ಎಲ್ಲರಿಗೂ ಗೊತ್ತು.

ಈಗ ಸುರುಮದಾನಿ. ನಾನಿಯ ಹದೀಸ್‌ಗೆ ನಾವು ಅಡ್ಡ ಮಾತಾಡುತ್ತಿಲ್ಲ. ಪ್ರವಾದಿ ವೈದ್ಯದ ಹದೀಸ್‌ಗಳನ್ನು ಹೇಗೆ ಗ್ರಹಿಸಬೇಕೆಂಬುದರಲ್ಲಿ ಉಲಮಾಗಳೇ ಎರಡು ಬಗೆ ಮಾತಾಡಿದ್ದಾರೆ. ಇಬ್ನುಲ್ ಕಯ್ಯಿಮ್ ಅವರು ಆ ಕುರಿತು ದೊಡ್ಡ ಗ್ರಂಥಭಾಗವನ್ನೇ ಬರೆದು ಅದನ್ನು ಮಾರ್ಗದರ್ಶನವೆಂದು ಎತ್ತಿಹಿಡಿದರು. ಇಬ್ನು ಖಲ್ದೂನ್ ತಮ್ಮ ಮುಕದ್ದಿಮಾದಲ್ಲಿ, ಪ್ರವಾದಿ(ಸ) ಕಳುಹಿಸಲ್ಪಟ್ಟದ್ದು ಧರ್ಮ ಕಲಿಸಲು, ವೈದ್ಯ ಕಲಿಸಲು ಅಲ್ಲ. ಅಂಥ ಮಾತುಗಳು ಅಂದಿನ ಅರಬರ ರೂಢಿಗೆ ಸೇರಿದವು ಎಂದು ಬರೆದು, ಖರ್ಜೂರದ ಪರಾಗಸ್ಪರ್ಶದ ಪ್ರಸಂಗವನ್ನು ನೆನಪಿಸಿದರು. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ಹೇಳುವ ಯೋಗ್ಯತೆ ನಮಗಿಲ್ಲ. ಆದರೆ ಮೊದಲ ದಾರಿಯನ್ನೇ ಹಿಡಿದವರಿಗೂ ಒಂದು ಪ್ರಶ್ನೆ ಉಳಿಯುತ್ತದೆ. ಹದೀಸ್‌ನಲ್ಲಿರುವುದು ಇಸ್ಮಿದ್. ಡಬ್ಬಿಯಲ್ಲಿರುವುದು ಇಸ್ಮಿದ್ಡೇ?

ಇಸ್ಮಿದ್ ಎಂದರೆ ಆ್ಯಂಟಿಮನಿಯ ಅದಿರು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಇಸ್ಫಹಾನಿನ ಕಲ್ಲು ಉತ್ತಮವೆಂದು ಇಬ್ನುಲ್ ಕಯ್ಯಿಮ್ ಬರೆದಿದ್ದಾರೆ. ತೊಂದರೆ ಏನೆಂದರೆ ಆ್ಯಂಟಿಮನಿಯ ಅದಿರೂ ಸೀಸದ ಅದಿರು ಗೆಲೀನಾವೂ ನೋಡಲು ಅಕ್ಕತಂಗಿಯರಂತೆ, ಎರಡೂ ಹೊಳೆಯುವ ಬೂದುಗಪ್ಪು. ಅರೆದ ಮೇಲಂತೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಓಮಾನ್‌ನಲ್ಲಿ ಬಳಕೆಯಲ್ಲಿದ್ದ ಸುರುಮಗಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಲವು ಮಾದರಿಗಳು ಗೆಲೀನಾದವೇ ಆಗಿದ್ದವು. ಇಬ್ನು ಸೀನಾ ಹಾಕಿದ ಮೊದಲ ನಿಯಮವೇ ಇಲ್ಲಿ ಬಿದ್ದುಹೋಗುತ್ತದೆ. ನಿಜವಾದ ಆ್ಯಂಟಿಮನಿ ಸಿಕ್ಕರೂ ಅದು ನಿರಪಾಯದ ಲೋಹವೇನಲ್ಲ.

ಸೀಸ ರೆಪ್ಪೆಯ ಮೇಲೆಯೇ ಕುಳಿತಿರುವುದಿಲ್ಲ. ಮಗು ಕಣ್ಣುಜ್ಜಿ ಬೆರಳು ಚೀಪುತ್ತದೆ. ಕಣ್ಣೀರು ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಯುತ್ತದೆ. ದೊಡ್ಡವರ ಹೊಟ್ಟೆಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಅದು ಹೋಗಿ ಕೂರುವುದು ಬೆಳೆಯುತ್ತಿರುವ ಮಿದುಳಿನಲ್ಲಿ. ಮಗುವಿನ ರಕ್ತದಲ್ಲಿ ಇಷ್ಟರವರೆಗೆ ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿದ ಏಷ್ಯಾದ ಕುಟುಂಬಗಳಲ್ಲಿ ಕಣ್ಣಿನ ಕಪ್ಪಿನಿಂದ ಸೀಸದ ವಿಷವೇರುವುದರ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ 1968ರಲ್ಲೂ 1978ರಲ್ಲೂ ಬರೆದಿತ್ತು. ಇತ್ತೀಚಿನದು ಹೇಳುವುದಾದರೆ, ಅಮೆರಿಕದ ಬಾಸ್ಟನ್‌ನಲ್ಲಿ ನೈಜೀರಿಯಾ ಮೂಲದ ತಂದೆತಾಯಿ ತಮ್ಮ ಆರು ತಿಂಗಳ ಕೂಸಿನ ರೆಪ್ಪೆಗೆ ಟೀರೊ ಎಂಬ ಪುಡಿ ಹಚ್ಚುತ್ತಿದ್ದರು. ಊರಿನಿಂದ ಬಂದದ್ದು, ಅಂದಕ್ಕೆ, ಕಣ್ಣಿನ ಬೆಳವಣಿಗೆಗೆ ಒಳ್ಳೆಯದೆಂಬ ನಂಬಿಕೆ. ಮಗುವಿನ ರಕ್ತದಲ್ಲಿ ಡೆಸಿಲೀಟರಿಗೆ 13 ಮೈಕ್ರೋಗ್ರಾಂ ಸೀಸ ಸಿಕ್ಕಿತು. ಪುಡಿಯನ್ನು ಪರೀಕ್ಷಿಸಿದಾಗ ಅದರ 82.6 ಶೇಕಡಾ ಸೀಸವೇ ಆಗಿತ್ತು. 2012ರಲ್ಲಿ ಪ್ರಕಟವಾದ ಈ ವರದಿ ಓದುವಾಗ ನಮ್ಮ ಕಣ್ಣ ಮುಂದೆ ಬಂದದ್ದು ಮದುವೆ ಮನೆಯ ಮಂಚ.

ನಮ್ಮ ಊರುಗಳಲ್ಲಿ ಮೊದಲು ಇದಕ್ಕೊಂದು ಬೇರೆ ದಾರಿಯಿತ್ತು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಮಗುಚಿ ಹಿಡಿದ ಮಸಿಯನ್ನು ಬೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿ ಕಾಡಿಗೆ ಮಾಡುತ್ತಿದ್ದರು. ಅದರಲ್ಲಿ ಸೀಸವಿಲ್ಲ. ಆದರೂ ಕೂಸಿನ ಕಣ್ಣೊಳಗೆ ಬೆರಳು ಹಾಕಿ ಹಚ್ಚುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ, ಬೆರಳಿನ ಜೊತೆಗೆ ಸೋಂಕೂ ಹೋಗುತ್ತದೆ.

ಉದ್ದ ರೆಪ್ಪೆಗೂದಲು ಬೇಕೇ ಬೇಕು ಎನ್ನುವವರಿಗೆ ಇನ್ನೊಂದು ಸ್ವಾರಸ್ಯ. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 22 ಬಗೆಯ ಸಸ್ತನಿಗಳ ಕಣ್ಣು ಅಳೆದು 2015ರಲ್ಲಿ ಹೇಳಿದ್ದೇನೆಂದರೆ, ರೆಪ್ಪೆಗೂದಲಿನ ಉದ್ದ ಕಣ್ಣಿನ ಅಗಲದ ಮೂರನೇ ಒಂದು ಭಾಗದಷ್ಟಿರುತ್ತದೆ. ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ ಆ ಉದ್ದದಲ್ಲೇ ಕಣ್ಣು ಅತಿ ಕಡಿಮೆ ಒಣಗಿತು, ಧೂಳೂ ಕಡಿಮೆ ಬಿತ್ತು. ಅದಕ್ಕಿಂತ ಉದ್ದವಾದರೆ ಕೂದಲೇ ಗಾಳಿಯನ್ನು ಕೊಳವೆಯಂತೆ ಕಣ್ಣಿನತ್ತ ತಿರುಗಿಸುತ್ತದೆ. ಎಲ್ಲಕ್ಕೂ ಅಳತೆ ಇಟ್ಟವನು ಇದಕ್ಕೂ ಇಟ್ಟಿದ್ದಾನೆ.

ಅಂದಮಾತ್ರಕ್ಕೆ ಈ ಔಷಧ ಬೇಡಿದವರೆಲ್ಲ ಸಿಂಗಾರಕ್ಕೆ ಬೇಡಿದವರು ಎಂದು ತಿಳಿಯುವುದು ಅನ್ಯಾಯ. ನಮ್ಮ ಬಳಗದ ಒಬ್ಬ ಸಹೋದರಿಗೆ ಸ್ತನ ಕ್ಯಾನ್ಸರಿನ ಕೀಮೋಥೆರಪಿಯಲ್ಲಿ ತಲೆಗೂದಲಿನ ಜೊತೆ ಹುಬ್ಬು, ರೆಪ್ಪೆಗೂದಲೂ ಹೋಯಿತು. ತಲೆಗೆ ದುಪಟ್ಟಾ ಇದೆ, ಕಣ್ಣಿಗೆ ಏನಿದೆ ಎಂದು ಅವರು ಕೇಳಿದ್ದರು. ಧೂಳು ನೇರವಾಗಿ ಕಣ್ಣಿಗೆ ಬೀಳುತ್ತಿತ್ತು, ನೀರು ಸುರಿಯುತ್ತಲೇ ಇರುತ್ತಿತ್ತು. ಕೀಮೋ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ತಾನಾಗಿ ಮರಳುತ್ತದೆ. ಮರಳುವುದು ತಡವಾದವರಲ್ಲಿ ಬಿಮಾಟೊಪ್ರೋಸ್ಟ್ ಬರೀ ದ್ರಾವಣಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು ಅವರಂಥವರ ಮೇಲೆಯೇ ನಡೆಸಿದ ಪ್ರಯೋಗ ತೋರಿಸಿದೆ. ಕುಲಾಬ್ ಕಾಳಗದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಬೆಳ್ಳಿಯ ಮೂಗು ಇಟ್ಟುಕೊಂಡು ಅದು ದುರ್ವಾಸನೆ ಬೀರಿದಾಗ, ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ, ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ) ಹೇಳಿದ್ದನ್ನು ಅಬೂದಾವೂದ್, ತಿರ್ಮಿಝಿ ವರದಿ ಮಾಡಿದ್ದಾರೆ. ಕಳೆದದ್ದನ್ನು ಮರಳಿ ಪಡೆಯುವುದಕ್ಕೂ ಇದ್ದದ್ದನ್ನು ಬದಲಿಸುವುದಕ್ಕೂ ನಡುವಿನ ಗೆರೆ ಎಲ್ಲಿ ಎಂಬುದನ್ನು ಬಲ್ಲವರು ಆ ಹದೀಸ್‌ನಿಂದ ಹೇಳುತ್ತ ಬಂದಿದ್ದಾರೆ. ತಮ್ಮ ಸಂದರ್ಭಕ್ಕೆ ಏನು ಎಂಬುದನ್ನು ಓದುಗರು ತಮ್ಮ ಉಲಮಾಗಳಲ್ಲಿ, ಮತ್ತು ಕಣ್ಣಿನ ವೈದ್ಯರಲ್ಲಿ, ಇಬ್ಬರಲ್ಲೂ ಕೇಳಲಿ.

ಮದುವೆ ಮುಗಿದ ಎರಡು ವಾರಕ್ಕೆ ನಾವು ಆ ಮನೆಗೆ ಮತ್ತೆ ಹೋದೆವು. ಓದಿದ್ದನ್ನೆಲ್ಲ ನಾನಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಮದೀನಾದ ಅಂಗಡಿಯವನು ಇಸ್ಮಿದ್ ಎಂದೇ ಹೇಳಿ ಕೊಟ್ಟನಲ್ಲ ಎಂದರು. ಅವನಿಗೂ ಯಾರೋ ಹಾಗೆ ಹೇಳಿ ಕೊಟ್ಟಿರಬಹುದು ಎಂದೆವು. ಮೊಮ್ಮಗಳು ಕಣ್ಣು ಕೆಂಪಾಯಿತೆಂದು ಸೀರಮ್ಮನ್ನು ಆಗಲೇ ಬಿಟ್ಟಿದ್ದಳು. ಕೂಸಿನ ರಕ್ತವನ್ನು ಪರೀಕ್ಷೆಗೆ ಕೊಡಿ ಎಂದು ತಾಯಿಗೆ ಹೇಳಿದೆವು. ಮರುದಿನವೇ ಕೊಟ್ಟು ಬಂದರು. ನಾನಿ ಸುರುಮದಾನಿಯನ್ನು ಬಿಸಾಡಲಿಲ್ಲ. ಒಳಗಿನ ಪುಡಿಯನ್ನು ಕಾಗದದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಬೇರೆ ಮಾಡಿ, ಹಿತ್ತಾಳೆಯ ಡಬ್ಬಿಯನ್ನು ತೊಳೆದು ಒರೆಸಿ, ಖಾಲಿಯಾಗಿಯೇ ಕಪಾಟಿನಲ್ಲಿ ಝಮ್‌ಝಮ್ ಬಾಟಲಿಯ ಪಕ್ಕ ಇಟ್ಟರು.